ಮಾರ್ಕೆಟ್ಟಿಗೆ ಹೋಗದ ಮೀನು

ನಮ್ಮದು ಹಾವೇರಿ ತಾಲೂಕಿನ ವರದಾ ಹೊಳೆ ದಂಡೆಯ ಊರು. ಮನೆಯವರು ಬಲೆ ಹಾಕುತ್ತಾರೆ. ಮೀನು ಆರಿಸಿ, ತೂಗಿ, ಮಾರುವುದು ನನ್ನ ಪಾಲಿನ ಕೆಲಸ. ಕಾಟ್ಲಾ, ರೋಹು ಬಂದರೆ ವ್ಯಾಪಾರಿ ದಂಡೆಗೇ ಬಂದು ಒಯ್ಯುತ್ತಾನೆ. ಅವನ್ನು ನಾವೇ ಉಂಡರೆ ಬಲೆಯ ಸಾಲ ತೀರುವುದು ಯಾವಾಗ? ಬೆರಳುದ್ದದ ಬಿಳಿ ಮೀನನ್ನು ಮಾತ್ರ ಯಾರೂ ಕೇಳುವುದಿಲ್ಲ. ಮನೆಗೆ ಬರಬೇಕಾದದ್ದು ಅದೇ ಎಂಬುದು ನನ್ನ ಲೆಕ್ಕ.

ಪ್ರೋಟೀನಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ. 100 ಗ್ರಾಂ ರೋಹುವಿನಲ್ಲಿ 16-17 ಗ್ರಾಂ ಸಿಗುತ್ತದೆ, ಸಣ್ಣದರಲ್ಲೂ ಅದರ ಆಸುಪಾಸೇ. ವ್ಯತ್ಯಾಸ ಇರುವುದು ಮುಳ್ಳಿನಲ್ಲಿ. ದೊಡ್ಡ ಮೀನಿನ ಮುಳ್ಳು ತಿಪ್ಪೆಗೆ, ಸಣ್ಣದರದ್ದು ಹೊಟ್ಟೆಗೆ. ಮುಳ್ಳುಸಮೇತ ತಿಂದರೆ 100 ಗ್ರಾಂ ಸಣ್ಣ ಮೀನಿನಲ್ಲಿ ಒಂದು ಲೋಟ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ. ಇನ್ನು ‘ಜೋಳ ತಿಂದಾವ ತೋಳ’ ಅನ್ನುತ್ತೇವಲ್ಲ, ಆ ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ, ಮೀನಿನಲ್ಲಿ ಧಾರಾಳ. ಮೀನಿನಲ್ಲಿರುವ ಬಿ12 ಜೀವಸತ್ವ ಸೊಪ್ಪು-ಕಾಳಿನಲ್ಲಿ ಸಿಗುವುದೇ ಇಲ್ಲ. ಪಲ್ಯದ ಸೊಪ್ಪಿನಲ್ಲಿರುವ ಕಬ್ಬಿಣಾಂಶವೂ ಜೊತೆಗೆ ಮೀನಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಹೀಗಿರುವಾಗ ಸಣ್ಣ ಮೀನನ್ನು ಕೋಳಿಗೆ ಎಸೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬೇಸಿಗೆಯಲ್ಲಿ ವರದಾ ಬತ್ತಿ ಅಲ್ಲಲ್ಲಿ ಮಡು ಉಳಿಯುತ್ತದೆ. ಸಣ್ಣ ಮೀನು ಹೇರಳವಾಗಿ ಸಿಗುವುದು ಆಗಲೇ, ಬಿಸಿಲೂ ಆಗಲೇ. ಕಾಟ್ಲಾ, ರೋಹುವಿನ ಮರಿ ಬಂದಿದ್ದರೆ ಮೊದಲು ನೀರಿಗೆ ಬಿಡುತ್ತೇವೆ, ಅವು ಮುಂದಿನ ವರ್ಷದ ದುಡ್ಡು. ಉಳಿದವುಗಳ ಹೊಟ್ಟೆ ಹಿಚುಕಿ ಕರುಳು ತೆಗೆದು, ತಲೆ ಹಾಗೇ ಬಿಟ್ಟು, ಉಪ್ಪು-ಅರಿಸಿನದ ನೀರಿನಲ್ಲಿ ತೊಳೆಯುತ್ತೇನೆ. ನೆಲದ ಮೇಲೆ ಒಣಗಿಸಬಾರದು. ಮಣ್ಣು, ನೊಣ, ನಾಯಿ. ಗಳ ನೆಟ್ಟು ಹಳೇ ಬಲೆ ಬಿಗಿದು, ಮೀನು ಹರವಿ, ಮೇಲೆ ಸೊಳ್ಳೆಪರದೆ ಹೊದಿಸುತ್ತೇನೆ. ಬಗ್ಗಿಸಿದರೆ ಪಟಕ್ಕನೆ ಮುರಿಯಬೇಕು, ಬಾಗಿದರೆ ಇನ್ನೊಂದು ಬಿಸಿಲು ಬೇಕು.

ಆಮೇಲೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿದು ಮಿಕ್ಸರಿಗೆ ಹಾಕಿ, ಜರಡಿ ಹಿಡಿಯುತ್ತೇನೆ. ಜರಡಿಯಲ್ಲಿ ಉಳಿದದ್ದನ್ನು ಹೆಚ್ಚಿನವರು ಚೆಲ್ಲುತ್ತಾರೆ. ಅದೇ ಮುಳ್ಳು! ಮತ್ತೆ ಬೀಸಬೇಕು. ಖಾರ ಹಾಕುವ ಮೊದಲೇ ಮಕ್ಕಳ ಪಾಲು ಬೇರೆ ತೆಗೆದಿಟ್ಟು, ಬೇಳೆ ಕಲಸಿದ ಅನ್ನಕ್ಕೆ ಒಂದೊಂದು ಚಮಚ ಬೆರೆಸುತ್ತೇನೆ. ಉಳಿದದ್ದಕ್ಕೆ ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಒಣಕೊಬ್ಬರಿ, ಚೂರು ಹುಣಸೆ ಸೇರಿಸಿದರೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಪಕ್ಕದಲ್ಲಿ ಇದೂ ಒಂದು ಚಟ್ನಿ. ರೊಟ್ಟಿಗೆ ಎಣ್ಣೆ ಹಚ್ಚಿಕೊಂಡು ತಿನ್ನಬೇಕು. ಹೊಳೆ ತುಂಬಿ ಬಲೆ ಹಾಕಲಾಗದ ಮಳೆಗಾಲದಲ್ಲಿ ಇದೇ ಆಧಾರ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೀನು ಮುಟ್ಟುವುದಿಲ್ಲ, ಆ ತಿಂಗಳು ಡಬ್ಬಿ ಮುಚ್ಚಿಯೇ ಇರುತ್ತದೆ.

ಎಲ್ಲವನ್ನೂ ಒಣಗಿಸಿಬಿಡುವುದು ಮಾತ್ರ ಸರಿಯಲ್ಲ. ಕೆಲವು ಸಣ್ಣ ಮೀನುಗಳ ಕಣ್ಣಿನ ಭಾಗದಲ್ಲಿ ಎ ಜೀವಸತ್ವ ತುಂಬಾ ಇರುತ್ತದೆ, ಬಿಸಿಲಿಗೆ ಅದು ಬಹುಪಾಲು ಹಾಳಾಗುತ್ತದೆ. ಹಾಗಾಗಿ ಹಸಿ ಮೀನು ಸಿಕ್ಕ ದಿನ ತಲೆಸಮೇತ ಸಾರು ಮಾಡುತ್ತೇನೆ. ಸೊಸೆ ಬಸುರಿಯಾಗಿದ್ದಾಗ “ಅತ್ತಿ, ತಲಿ ಬ್ಯಾಡ್ರಿ” ಅಂತ ಮುಖ ತಿರುಗಿಸುತ್ತಿದ್ದಳು. ತಲೆಯನ್ನೇ ಅರೆದು ಮಸಾಲೆಗೆ ಸೇರಿಸಿದೆ, ಕೇಳದೆ ಉಂಡಳು.

ಈಗೀಗ ವ್ಯಾಪಾರಿಯೂ “ಅಕ್ಕಾರ, ಸಣ್ಣದಕ್ಕ ಏನ್ ರೇಟ್ ಹೇಳ್ತೀರಿ?” ಅಂತ ಕೇಳುತ್ತಾನೆ. ಮನೆಗೆ ಬೇಕಾದಷ್ಟು ತೆಗೆದಿಟ್ಟ ಮೇಲೆಯೇ ನಾನು ರೇಟು ಹೇಳುವುದು.