ಆರು ಫ್ಲಡ್‌ಲೈಟ್ ಇಳಿಸಿದೆ, ವ್ಯಾಪಾರ ಇಳಿಯಲಿಲ್ಲ

ತಿಪಟೂರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದುಗಡೆ 100 ವ್ಯಾಟಿನ ಆರು ಎಲ್‌ಇಡಿ ಫ್ಲಡ್‌ಲೈಟ್ ಇದ್ದವು. ಎಲ್ಲಾ 6500 ಕೆಲ್ವಿನ್ ಬಿಳಿ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆ ಆದಷ್ಟೂ ಹಳದಿ), ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತಿದ್ದವು. ಇಳಿಸುತ್ತೇನೆ ಅಂದಾಗ ಪಕ್ಕದ ಅಂಗಡಿಯವರು "ಕತ್ತಲಲ್ಲಿ ಕೂತು ವ್ಯಾಪಾರ ಮಾಡ್ತೀರಾ ಸಾರ್?" ಅಂದರು. ಎಲೆಕ್ಟ್ರಿಷಿಯನ್ ಕೂಡ ಬೇಡ ಅಂದ. ಆಮೇಲೆ ಎರಡು ದೀಪಾವಳಿ ಆಯಿತು, ವ್ಯಾಪಾರ ಹಾಗೇ ಇದೆ.

ಶುರು ಮಾಡಿಸಿದ್ದು ಎದುರುಮನೆ ಅಜ್ಜಿ. "ಏನಪ್ಪಾ, ನಿನ್ನ ದೀಪಕ್ಕೆ ನಮ್ಮ ಹುಂಜ ನಡುರಾತ್ರೀಲೇ ಕೂಗುತ್ತೆ. ನನಗೂ ನಿದ್ದೆ ಇಲ್ಲ" ಅಂದರು. ಬೆಳಕು ಬರದ ಹಾಗೆ ಕಿಟಕಿಗೆ ಅಡ್ಡ ಕಟ್ಟಿದ್ದ ಸೀರೆ ನಮ್ಮಲ್ಲೇ ತಗೊಂಡಿದ್ದು. ನೋಡಿ ತುಂಬಾ ಬೇಜಾರಾಯಿತು. ಮಳೆಗಾಲದಲ್ಲಿ ಹುಳದ ಕಾಟ ಬೇರೆ. ಬಿಳಿ ಪಂಚೆಯ ಮಡಿಕೆಯಲ್ಲೆಲ್ಲ ರೆಕ್ಕೆ.

ಮೊದಲು ಗ್ಲಾಸಿನ ಅರ್ಧಕ್ಕೆ ಕಪ್ಪು ಪೇಂಟ್ ಬಳಿದೆ. ಬಿಸಿಗೆ ಎರಡು ಲೈಟು ಸುಟ್ಟುಹೋದವು, ಸಾವಿರದ ಮುನ್ನೂರು ಹೋಯಿತು. ಆಮೇಲೆ ಸೆನ್ಸರ್ ಹಾಕಿದೆ. ನಾಯಿ ಹೋದರೂ ಹತ್ತುತ್ತದೆ, ಲಾರಿ ಹೋದರೂ ಹತ್ತುತ್ತದೆ. ಅಜ್ಜಿಗೆ ಮೊದಲಿಗಿಂತ ಜಾಸ್ತಿ ಹಿಂಸೆ.

ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿ ಆಕಾಶ ಕತ್ತಲಾಗೇ ಇರಲಿ ಅಂತ ಕಾಪಾಡುವ ಜಾಗ, ಆಯಿತಲ್ವಾ? ಅಲ್ಲಿ ದೂರದರ್ಶಕಗಳಿಗೆ ತೊಂದರೆ ಆಗಬಾರದು ಅಂತ ಊರಿನ ದೀಪಕ್ಕೆ ಮರೆ ಕಟ್ಟಿದ್ದಾರೆ. ಅದೇ ದಾರಿ ಹಿಡಿದೆ. ಬೋರ್ಡಿನ ಮೇಲಂಚಿಗೆ 20 ವ್ಯಾಟಿನ ನಾಲ್ಕು ಲೈಟು, 3000 ಕೆಲ್ವಿನ್ ಹಳದಿ, ಮುಖ ನೇರ ಕೆಳಕ್ಕೆ. ಪ್ರತಿಯೊಂದಕ್ಕೂ ವೆಲ್ಡಿಂಗ್ ಶಾಪಿನಲ್ಲಿ ಜಿಐ ಶೀಟಿನ ಮರೆ ಮಾಡಿಸಿದೆ. ಮೊದಲ ಸಲ ಮರೆ ಒಂಬತ್ತು ಇಂಚು ಆಯಿತು. ಬೋರ್ಡಿನ ಹೆಸರೇ ಕಾಣಲಿಲ್ಲ, ಏಳು ಗಂಟೆಗೇ ಬಾಗಿಲು ಹಾಕಿದೆ ಅಂತ ಗಿರಾಕಿ ವಾಪಸ್ ಹೋದರು. ಮರೆಯನ್ನು ಆರು ಇಂಚಿಗೆ ಕತ್ತರಿಸಿದ ಮೇಲೆ ಸರಿಹೋಯಿತು. ಒಂಬತ್ತೂವರೆಗೆ ಟೈಮರ್ ಎಲ್ಲಾ ಆರಿಸುತ್ತದೆ, ಶಟರ್ ಮೇಲೆ 10 ವ್ಯಾಟಿನದು ಒಂದು ಮಾತ್ರ ಇರುತ್ತದೆ. ಅಂಗಡಿ ಒಳಗೆ ಬಿಳಿ ಬೆಳಕೇ. ಸೀರೆ ಬಣ್ಣ ನೋಡೋಕೆ ಅದು ಬೇಕೇ ಬೇಕು.

ಹುಳದ ವಿಷಯಕ್ಕೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಹಿತ್ತಲಲ್ಲಿ ಬಿಳಿ ಬಲ್ಬಿನ ಕೆಳಗೊಂದು, ಹಳದಿ ಬಲ್ಬಿನ ಕೆಳಗೊಂದು ನೀರಿನ ಬಕೆಟ್ ಇಟ್ಟೆ. ಮೂರು ರಾತ್ರಿಯೂ ಬಿಳಿಯದರಲ್ಲಿ ನಾಲ್ಕು ಪಟ್ಟು ಜಾಸ್ತಿ ಬಿದ್ದಿದ್ದವು.

ಕಳ್ಳರ ಭಯ ಅನ್ನುವವರಿಗೆ ನಮ್ಮ ಕ್ಯಾಮೆರಾ ತೋರಿಸುತ್ತೇನೆ. ಮುಂಚೆ ಫ್ಲಡ್‌ಲೈಟ್ ಹೊಳಪಿಗೆ ಬಂದವರ ಮುಖವೆಲ್ಲ ಬಿಳಿ ಕಲೆ. ಈಗ ಮೀಸೆ ಎಣಿಸಬಹುದು.

ಸುಟ್ಟಿದ್ದು, ದಂಡ ಆಗಿದ್ದು ಸೇರಿ ಆರೂವರೆ ಸಾವಿರ ಖರ್ಚು. ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ ಒಂದೂವರೆ ಸಾವಿರ ಉಳಿಯುತ್ತಿದೆ. ಐದು ತಿಂಗಳೊಳಗೆ ದುಡ್ಡು ವಾಪಸ್.

ಬೇಡ ಅಂದ ಪಕ್ಕದವರೇ ಹೋದ ತಿಂಗಳು ಟೇಪ್ ಹಿಡಿದು ಅಳತೆ ತಗೊಂಡು ಹೋದರು. ಹೊರಗಿನ ಅಳತೆ ಯಾರು ಬೇಕಾದರೂ ತಗೊಳ್ಳಲಿ. ಶೀಟಿನ ಒಳ ಅಂಚು ಹೇಗೆ ಮಡಚಿಸಿದ್ದೇನೆ ಅನ್ನೋದು ಮಾತ್ರ ಅಂಗಡಿಗೆ ಬಂದವರಿಗೆ. ಅಜ್ಜಿಯ ಕಿಟಕಿಯ ಸೀರೆ ಈಗ ಇಲ್ಲ.