ಮಳೆಗಾಲದ ನೆಟ್‌ವರ್ಕ್‌ನಲ್ಲಿ ಮೇಲ್: ಬೇಕಾದ ಭಾಗವನ್ನಷ್ಟೇ ಇಳಿಸಿದ್ದು ಹೇಗೆ

ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಆಫೀಸಿಗೆ ಮೇಲ್ ಓದುವ ಪ್ರೋಗ್ರಾಂ ಬರೆದಿದ್ದೇನೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ (ಎಷ್ಟು ಬೀಜ ಸಿಕ್ಕಿತೆಂಬ) ವರದಿ, ಬಿಲ್ಲು, ಚೀಲಗಳ ಫೋಟೊ ಎಲ್ಲವೂ ಅಲ್ಲಿ ಒಂದೇ ಇನ್‌ಬಾಕ್ಸಿಗೆ ಬೀಳುತ್ತವೆ. ತೋಟದ ಲೆಕ್ಕ ಬರೆಯುವ ರೈಟರಿಗೆ ಬೇಕಾಗುವುದು ದಿನಕ್ಕೆ ಮೂರೋ ನಾಲ್ಕೋ ಪಿಡಿಎಫ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗ ಹೋಗುತ್ತದೋ, ಸಿಗ್ನಲ್ ಯಾವಾಗ ಸಾಯುತ್ತದೋ ಹೇಳಲಾಗದು. ಇಂಥ ಕಡೆ ಫೋಟೊಗಳನ್ನೂ ಸೇರಿಸಿ ಮೇಲನ್ನು ಇಡಿಯಾಗಿ ಇಳಿಸಿದರೆ ಪಿಡಿಎಫ್ ಕೈಗೆ ಬರುವಷ್ಟರಲ್ಲಿ ಲೈನ್ ಹೋಗಿರುತ್ತದೆ.

ಬಳಸಿದ್ದು ಜಾವಾದ ಜಕಾರ್ತ ಮೇಲ್ ಲೈಬ್ರರಿ, ಹಿಂದಿನ ಜಾವಾಮೇಲ್. ಐಮ್ಯಾಪ್‌ನಲ್ಲಿ (ಮೇಲನ್ನು ಸರ್ವರ್‌ನಲ್ಲೇ ಇಟ್ಟು ಓದುವ ಪ್ರೋಟೊಕಾಲ್) ಇದು ಮೊದಲಿನಿಂದಲೂ ಲೇಜಿ ಲೋಡಿಂಗ್ ಮಾಡುತ್ತದೆ, ಅಂದರೆ ಕೇಳಿದಾಗಷ್ಟೇ ತರುತ್ತದೆ. ಗೆಟ್‌ಮೆಸೇಜಸ್ ಕೊಡುವ ಆಬ್ಜೆಕ್ಟ್‌ಗಳು ಬರಿಯ ಚಿಪ್ಪು. ವಿಷಯ (ಸಬ್ಜೆಕ್ಟ್), ದಿನಾಂಕ ಕೇಳಿದಾಗ ಮಾತ್ರ ಸರ್ವರ್‌ಗೆ ಫೆಚ್, ಅಂದರೆ ತಂದುಕೊಡು ಎಂಬ ಆದೇಶ, ಹೋಗುತ್ತದೆ. ತೊಂದರೆ ಶುರುವಾಗುವುದೂ ಇಲ್ಲೇ. 500 ಮೇಲ್‌ಗಳ ವಿಷಯವನ್ನು ಲೂಪ್‌ನಲ್ಲಿ ಓದಿದರೆ 500 ಬಾರಿ ಸರ್ವರ್‌ಗೆ ಹೋಗಿಬರಬೇಕು. ಒಂದು ಸುತ್ತಿಗೆ 150 ಮಿಲಿಸೆಕೆಂಡ್ ಎಂದರೂ 75 ಸೆಕೆಂಡ್ ಬರೀ ಕಾಯುವುದಕ್ಕೆ. ಆದ್ದರಿಂದ ಲೂಪ್‌ಗೆ ಮೊದಲೇ ಫೆಚ್‌ಪ್ರೊಫೈಲ್‌ಗೆ (ಏನೇನು ಬೇಕೆಂಬ ಪಟ್ಟಿ) ಎನ್ವಲಪ್ (ವಿಷಯ, ದಿನಾಂಕ, ಕಳಿಸಿದವರು), ಫ್ಲ್ಯಾಗ್ಸ್ (ಓದಿದೆಯೇ ಮುಂತಾದ ಗುರುತು), ಕಂಟೆಂಟ್ ಇನ್ಫೊ, ಯುಐಡಿ (ಮೇಲ್‌ನ ಬದಲಾಗದ ಗುರುತಿನ ಸಂಖ್ಯೆ) ಇವಿಷ್ಟನ್ನು ಸೇರಿಸಿ ಒಂದೇ ಸಲ ತರಿಸಿಕೊಳ್ಳುತ್ತೇನೆ. ಪಟ್ಟಿ ತೋರಿಸಲು ಇಷ್ಟು ಸಾಕು.

ಕಂಟೆಂಟ್ ಇನ್ಫೊ ಅಂದರೆ ಐಮ್ಯಾಪ್‌ನ ಬಾಡಿಸ್ಟ್ರಕ್ಚರ್. ಮೇಲ್‌ನಲ್ಲಿ ಎಷ್ಟು ಭಾಗ, ಪ್ರತಿಯೊಂದರ ವಿಧ, ಫೈಲ್ ಹೆಸರು, ಗಾತ್ರ ಎಲ್ಲವೂ ಒಂದು ಬೈಟ್ ಅಟ್ಯಾಚ್‌ಮೆಂಟ್ ಇಳಿಸದೆಯೇ ಸಿಗುತ್ತವೆ. ಪಿಡಿಎಫ್ ಹುಡುಕುವಾಗ ವಿಧವನ್ನು ಮಾತ್ರ ನಂಬಬೇಡಿ: ಎಷ್ಟೋ ಕಡೆಯಿಂದ ಅದು ಆಕ್ಟೆಟ್-ಸ್ಟ್ರೀಮ್ (ಯಾವ ಬಗೆಯ ಫೈಲೆಂದು ಹೇಳದ ಸಾಮಾನ್ಯ ವಿಧ) ಎಂದೇ ಬರುತ್ತದೆ, ಫೈಲ್ ಹೆಸರಿನ ಬಾಲವನ್ನೂ ನೋಡಿ. ಕನ್ನಡದಲ್ಲಿ ಇಟ್ಟ ಹೆಸರು ಎನ್‌ಕೋಡ್ ಆಗಿ ಬಂದಿದ್ದರೆ ಲೈಬ್ರರಿಯದೇ ಮೈಮ್‌ಯುಟಿಲಿಟಿಯ ಡಿಕೋಡ್‌ಟೆಕ್ಸ್ಟ್‌ಗೆ ಕೊಟ್ಟು ಬಿಡಿಸಿಕೊಳ್ಳಬೇಕು. ಮಲ್ಟಿಪಾರ್ಟ್ (ಹಲವು ಭಾಗಗಳ ಕಟ್ಟು) ಒಳಗೆ ಮಲ್ಟಿಪಾರ್ಟ್ ಇರುವುದು ಸಾಮಾನ್ಯ, ಹುಡುಕಾಟ ರಿಕರ್ಸಿವ್ ಆಗಿರಲಿ, ಅಂದರೆ ಪ್ರತಿ ಕಟ್ಟಿನೊಳಗೂ ಇಳಿಯಲಿ.

ಈಗ ಇಳಿಸುವ ಮಾತು. ಲೈಬ್ರರಿ ಅಟ್ಯಾಚ್‌ಮೆಂಟನ್ನು ತುಂಡುತುಂಡಾಗಿ ತರುತ್ತದೆ, ಡಿಫಾಲ್ಟ್ ತುಂಡು 16 ಕೆಬಿ. 8 ಎಂಬಿಯ ಸ್ಕ್ಯಾನ್ ಪಿಡಿಎಫ್ ಬೇಸ್64 (ಮೇಲ್‌ನಲ್ಲಿ ಕಳಿಸಲು ಫೈಲನ್ನು ಅಕ್ಷರಗಳಾಗಿಸುವ ಕ್ರಮ) ಆದಾಗ, ಸಾಲು ಮುರಿಯುವ ಅಕ್ಷರಗಳೂ ಸೇರಿ, ಸುಮಾರು 11 ಎಂಬಿ ಆಗುತ್ತದೆ. ಅಂದರೆ 700 ಸುತ್ತು. ಅದೇ 150 ಮಿಲಿಸೆಕೆಂಡ್ ಲೆಕ್ಕದಲ್ಲಿ 105 ಸೆಕೆಂಡ್ ಕಾಯುವಿಕೆ, ಡೇಟಾ ಹರಿಯುವ ಹೊತ್ತು ಬೇರೆ. ತುಂಡಿನ ಗಾತ್ರ ಹೇಳುವ ಫೆಚ್‌ಸೈಜ್ ಅನ್ನು 1048576ಕ್ಕೆ (1 ಎಂಬಿ) ಏರಿಸಿದರೆ 11 ಸುತ್ತಿನಲ್ಲಿ ಮುಗಿಯುತ್ತದೆ. ತುಂಡುತುಂಡಾಗಿ ತರುವ ಪಾರ್ಷಿಯಲ್‌ಫೆಚ್ ಅನ್ನೇ ಆಫ್ ಮಾಡಿಬಿಡುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಇಡೀ ಭಾಗ ಒಮ್ಮೆಗೇ ಮೆಮೊರಿಗೆ ಬಂದು ಕೂರುತ್ತದೆ.

ಬಹಳ ಜನ ಎಡವುವ ಜಾಗ ಪ್ರಾಪರ್ಟಿಯ (ಲೈಬ್ರರಿಯ ಸೆಟ್ಟಿಂಗ್) ಹೆಸರು. ಸ್ಟೋರ್ (ಮೇಲ್ ಖಾತೆಯ ಸಂಪರ್ಕ) ಅನ್ನು ಐಮ್ಯಾಪ್ಸ್ (ಸುರಕ್ಷಿತ ಐಮ್ಯಾಪ್) ಎಂದು ತೆರೆದರೆ ಪ್ರಾಪರ್ಟಿಗಳೂ 'ಮೇಲ್.ಐಮ್ಯಾಪ್ಸ್' ಎಂದೇ ಶುರುವಾಗಬೇಕು. 'ಮೇಲ್.ಐಮ್ಯಾಪ್' ಎಂದು ಬರೆದರೆ ಎರರ್ ಬರುವುದಿಲ್ಲ, ಸೆಟ್ಟಿಂಗ್ ಕೆಲಸವನ್ನೂ ಮಾಡುವುದಿಲ್ಲ. ಟೈಮ್‌ಔಟ್ (ಕಾಯುವ ಮಿತಿ) ವಿಷಯದಲ್ಲಿ ಇದು ದುಬಾರಿ, ಏಕೆಂದರೆ ಡಿಫಾಲ್ಟ್ ಟೈಮ್‌ಔಟ್ ಅನಂತ. ಟವರ್ ಹೋದ ಗಳಿಗೆಯಲ್ಲಿ ಓದುತ್ತಿದ್ದ ಥ್ರೆಡ್ ಹಾಗೇ ನೇತಾಡುತ್ತದೆ. ನನ್ನದರಲ್ಲಿ ಕನೆಕ್ಷನ್‌ಟೈಮ್‌ಔಟ್ 15000, ಟೈಮ್‌ಔಟ್ 60000 ಮಿಲಿಸೆಕೆಂಡ್.

ಫೋಲ್ಡರ್ ಮುಚ್ಚಿದ ಮೇಲೆ ಮೆಸೇಜ್ ಆಬ್ಜೆಕ್ಟ್ ಕೈಯಲ್ಲಿದ್ದರೂ ಒಳಗಿನದು ಸಿಗದು. ಓದಲು ಹೋದರೆ ಫೋಲ್ಡರ್‌ಕ್ಲೋಸ್ಡ್‌ಎಕ್ಸೆಪ್ಷನ್ ಎಂಬ ಎರರ್. ಆದ್ದರಿಂದ ಮೆಸೇಜ್ ಆಬ್ಜೆಕ್ಟನ್ನು ಪರದೆಯವರೆಗೆ ಒಯ್ಯುವುದಿಲ್ಲ. ಯುಐಡಿವ್ಯಾಲಿಡಿಟಿ (ಫೋಲ್ಡರ್‌ನ ಯುಐಡಿಗಳು ಇನ್ನೂ ಅವೇ ಎಂದು ತಿಳಿಸುವ ಸಂಖ್ಯೆ), ಯುಐಡಿ, ಭಾಗದ ಸಂಖ್ಯೆ ಈ ಮೂರನ್ನು ಉಳಿಸಿಕೊಂಡು, ಬಳಕೆದಾರರು ಫೈಲ್ ಒತ್ತಿದಾಗ ಫೋಲ್ಡರ್ ಮತ್ತೆ ತೆರೆದು ಯುಐಡಿಯಿಂದ ಹುಡುಕುತ್ತೇನೆ. ಮೆಸೇಜ್ ನಂಬರ್ (ಫೋಲ್ಡರ್‌ನಲ್ಲಿ ಮೇಲ್ ಎಷ್ಟನೆಯದೆಂಬ ಸಂಖ್ಯೆ) ಉಳಿಸಬೇಡಿ. ಬೇರೆಯವರು ಒಂದು ಮೇಲ್ ಅಳಿಸಿ ಎಕ್ಸ್‌ಪಂಜ್ ಆದರೆ (ಸರ್ವರ್‌ನಿಂದ ಪೂರ್ತಿ ಹೋದರೆ) ಅದರ ನಂತರದ ನಂಬರ್‌ಗಳೆಲ್ಲ ಒಂದೊಂದು ಇಳಿಯುತ್ತವೆ, ತಪ್ಪು ಬಿಲ್ಲು ತೆರೆದುಕೊಳ್ಳುತ್ತದೆ. ಯುಐಡಿವ್ಯಾಲಿಡಿಟಿ ಬದಲಾಗಿದ್ದರೆ ಆ ಫೋಲ್ಡರ್‌ನ ಕ್ಯಾಶೆ (ಉಳಿಸಿಟ್ಟುಕೊಂಡ ನಕಲು) ಪೂರ್ತಿ ಎಸೆಯಬೇಕು. ಕ್ಯಾಶೆಯಲ್ಲಿ 'ಇನ್ನೂ ತಂದಿಲ್ಲ' ಮತ್ತು 'ತಂದೆ, ಖಾಲಿ ಇದೆ' ಎರಡಕ್ಕೂ ನಲ್ (ಏನೂ ಇಲ್ಲ ಎಂಬ ಬೆಲೆ) ಇಟ್ಟರೆ ಖಾಲಿ ಮೇಲ್‌ಗಾಗಿ ಪ್ರತಿ ಸಲವೂ ಸರ್ವರ್‌ಗೆ ಓಡುತ್ತದೆ, ಹಾಗಾಗಿ ಎರಡು ಸ್ಥಿತಿ ಬೇರೆಬೇರೆ.

ಫೋಲ್ಡರನ್ನು ರೀಡ್‌ಓನ್ಲಿ ತೆರೆಯಿರಿ, ಇಲ್ಲವೇ ಪೀಕ್ (ಗುರುತು ಹಾಕದೆ ಓದುವ ಸೆಟ್ಟಿಂಗ್) ಆನ್ ಮಾಡಿ. ಎರಡೂ ಇಲ್ಲದಿದ್ದರೆ ಪ್ರೋಗ್ರಾಂ ಒಳಗಿನದನ್ನು ಓದಿದ ಕೂಡಲೇ ಸರ್ವರ್ ಸೀನ್ ಫ್ಲ್ಯಾಗ್ (ಓದಿದೆ ಎಂಬ ಗುರುತು) ಹಾಕುತ್ತದೆ, ಮಾಲೀಕರ ಫೋನಿನಲ್ಲಿ ಹೊಸ ಮೇಲ್ ಓದಿದ್ದೆಂದು ಕಾಣುತ್ತದೆ.

ಅರ್ಧಕ್ಕೆ ನಿಂತ ಡೌನ್‌ಲೋಡನ್ನು ಲೈಬ್ರರಿ ತಾನಾಗಿ ಮುಂದುವರಿಸುವುದಿಲ್ಲ. ಐಮ್ಯಾಪ್‌ಫೋಲ್ಡರ್‌ನ ಡೂಕಮಾಂಡ್ (ಸರ್ವರ್‌ಗೆ ನೇರ ಆದೇಶ ಕೊಡುವ ಮೆಥಡ್) ಒಳಗೆ ಪೀಕ್‌ಬಾಡಿಗೆ ಎಲ್ಲಿಂದ, ಎಷ್ಟು ಎಂದು ಕೊಟ್ಟು ಉಳಿದದ್ದನ್ನು ತರುತ್ತೇನೆ. ಬಂದ ಬೇಸ್64 ಬೈಟ್‌ಗಳನ್ನು ಹಾಗೇ ಫೈಲಿಗೆ ಸೇರಿಸಿ, ಪೂರ್ತಿಯಾದ ಮೇಲಷ್ಟೇ ಡಿಕೋಡ್. ತುಂಡಿಗೊಂದು ಡಿಕೋಡ್ ಮಾಡಿದರೆ ನಾಲ್ಕಕ್ಷರದ ಗುಂಪು ನಡುವೆ ಮುರಿದು ಪಿಡಿಎಫ್ ಕೆಡುತ್ತದೆ.

ಕೆಲವೊಮ್ಮೆ ಸರ್ವರ್ ಕೊಡುವ ಬಾಡಿಸ್ಟ್ರಕ್ಚರೇ ಸರಿಯಿಲ್ಲದೆ ಅದನ್ನು ಲೋಡ್ ಮಾಡಲಾಗದೆಂಬ ಎಕ್ಸೆಪ್ಷನ್ ಬರುತ್ತದೆ. ಆಗ ಆ ಒಂದು ಮೇಲನ್ನು ಹೊಸ ಮೈಮ್‌ಮೆಸೇಜ್‌ಗೆ ನಕಲು ಮಾಡಿಕೊಂಡರೆ ಲೈಬ್ರರಿ ಪೂರ್ತಿ ಇಳಿಸಿ ತಾನೇ ಬಿಡಿಸುತ್ತದೆ. ನಕಲಿಗೆ ಮೊದಲು ಗಾತ್ರ ನೋಡಿ, 5 ಎಂಬಿ ಮೀರಿದ್ದರೆ ರೈಟರನ್ನು ಕೇಳಿಯೇ ಮುಂದುವರಿಯುವಂತೆ ಮಾಡಿದ್ದೇನೆ.