ತುಟಿ ತಪ್ಪದೆ ಸ್ಲೋ ಮೋಷನ್: ಮ್ಯೂಸಿಕ್ ವಿಡಿಯೊ ಮಾಡುವುದು ಹೇಗೆ?

ಕ್ಯಾಮೆರಾ ಆಮೇಲೆ. ಮೊದಲು ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ನಾಲ್ಕೈದು ಸಲ ಕೇಳಿ. ಪಲ್ಲವಿ ಎಲ್ಲಿ, ಚರಣ ಎಲ್ಲಿ, ವಾದ್ಯ ಮಾತ್ರ ಎಲ್ಲಿ ಅಂತ ನಿಮಿಷ, ಸೆಕೆಂಡು ಹಾಕಿ ಬರೆದುಕೊಳ್ಳಿ. ನಿಮಿಷಕ್ಕೆ 120 ಬೀಟ್ ಇರುವ ಹಾಡಾದರೆ ಒಂದು ಬೀಟ್‌ಗೆ ಅರ್ಧ ಸೆಕೆಂಡು. ಸೆಕೆಂಡಿಗೆ 24 ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ಲೆಕ್ಕದಲ್ಲಿ ಅದು 12 ಫ್ರೇಮ್. ಎಡಿಟಿಂಗ್‌ಗೆ ಕೂತಾಗ ಈ ಲೆಕ್ಕ ತುಂಬಾ ಕೆಲಸಕ್ಕೆ ಬರುತ್ತದೆ.

ಶೂಟಿಂಗ್ ಜಾಗದಲ್ಲಿ ಹಾಡನ್ನು ಜೋರಾಗಿ ಹಾಕಿ. ಹಾಡುವವರು ದನಿ ತೆಗೆದೇ ಹಾಡಲಿ. ಸುಮ್ನೆ ತುಟಿ ಆಡಿಸಿದರೆ ಕತ್ತಿನ ನರ ಬಿಗಿಯುವುದಿಲ್ಲ, ಕ್ಲೋಸಪ್‌ನಲ್ಲಿ ಅದು ಕಂಡುಬಿಡುತ್ತದೆ. ಮೊದಲು ವೈಡ್‌ನಲ್ಲಿ, ಅಂದರೆ ದೂರದಿಂದ ಇಡೀ ಆಳು ಕಾಣುವಂತೆ, ಇಡೀ ಹಾಡು ನಿಲ್ಲಿಸದೆ ಒಂದೇ ಟೇಕ್. ಆಮೇಲೆ ಮಿಡ್ (ಸೊಂಟದಿಂದ ಮೇಲೆ), ಕ್ಲೋಸಪ್. ಕ್ಯಾಮೆರಾದ ಮೈಕ್ ಆನ್ ಇರಲಿ, ಆ ಸದ್ದನ್ನು ಹಿಡಿದೇ ಟೇಕ್‌ಗಳನ್ನು ಮೂಲ ಹಾಡಿಗೆ ಕೂರಿಸುವುದು.

ಈಗ ನನಗೆ ತುಂಬಾ ಇಷ್ಟವಾದ ತಂತ್ರ. ಕೂದಲು, ಸೆರಗು ನಿಧಾನವಾಗಿ ತೇಲುತ್ತಿರುತ್ತವೆ, ತುಟಿ ಮಾತ್ರ ಹಾಡಿಗೆ ಸರಿಯಾಗಿ ಕೂತಿರುತ್ತದೆ. ನೋಡಿರುತ್ತೀರಿ, ಅಲ್ವಾ? ಅದಕ್ಕೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅದೇ ವೇಗದಲ್ಲಿ ಹಾಡಿಸಿ, ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಶೂಟ್ ಮಾಡಬೇಕು. ಅದನ್ನು 24ರಲ್ಲಿ ಓಡಿಸಿದಾಗ ತುಟಿ ಮೂಲ ಹಾಡಿನ ವೇಗಕ್ಕೆ ಇಳಿಯುತ್ತದೆ, ಉಳಿದದ್ದೆಲ್ಲ ಅರ್ಧ ವೇಗದಲ್ಲಿ ಕಾಣುತ್ತದೆ. ಎರಡು ಪಟ್ಟು ವೇಗದಲ್ಲಿ ಹಾಡುವುದು ಕಷ್ಟವಾದರೆ ಹಾಡನ್ನು 1.25 ಪಟ್ಟು ಮಾಡಿ, 30 ಫ್ರೇಮ್‌ನಲ್ಲಿ ತೆಗೆಯಿರಿ. ತೇಲಾಟ ಕಡಿಮೆ, ಆದರೆ ಮುಖದಲ್ಲಿ ಅವಸರ ಕಾಣುವುದಿಲ್ಲ. ಸ್ಲೋ ಮೋಷನ್ ಮೋಡ್‌ನಲ್ಲಿ ಎಷ್ಟೋ ಕ್ಯಾಮೆರಾಗಳು ಸದ್ದು ಹಿಡಿಯುವುದಿಲ್ಲ. ಆಗ ಪ, ಬ, ಮ ಅಕ್ಷರ ಬರುವ ಜಾಗ ಹುಡುಕಿ. ಅಲ್ಲಿ ತುಟಿ ಮುಚ್ಚಲೇಬೇಕು. ತುಟಿ ಕೂಡಿದ ಫ್ರೇಮನ್ನು ಹಾಡಿನ ಆ ಅಕ್ಷರಕ್ಕೆ ಕೂರಿಸಿದರೆ ಉಳಿದದ್ದು ತಾನಾಗಿ ಕೂರುತ್ತದೆ.

ಎಡಿಟಿಂಗ್‌ನಲ್ಲಿ ಟೇಕ್‌ಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ, ಬೀಟ್‌ಗಳಿಗೆ ಮಾರ್ಕರ್ ಹಾಕಿ. ಹಾಗಂತ ಪ್ರತಿ ಬೀಟ್‌ಗೂ ಕಟ್ ಮಾಡಬೇಡಿ. ಅರ್ಧ ನಿಮಿಷದಲ್ಲಿ ಕಣ್ಣು ಸೋಲುತ್ತದೆ. ಪಲ್ಲವಿ ಮೊದಲ ಸಲ ಬಂದಾಗ ಶಾಟ್ ಉದ್ದ ಇರಲಿ, ಕೊನೆಯ ಸಲಕ್ಕೆ ಜಾಸ್ತಿ ಕಟ್ ಉಳಿಸಿಕೊಳ್ಳಿ. ಕೈ ಬೀಸುವಾಗ, ತಲೆ ತಿರುಗುವಾಗ ನಡುವೆಯೇ ಕಟ್ ಮಾಡಿ, ಆ ಚಲನೆ ಮುಂದಿನ ಶಾಟ್‌ನಲ್ಲಿ ಮುಗಿಯಲಿ. ಕಟ್ ಬೀಟ್‌ಗೆ ಸರಿಯಾಗಿದ್ದೂ ತಡವಾದಂತೆ ಅನ್ನಿಸಿದರೆ ಒಂದೆರಡು ಫ್ರೇಮ್ ಮುಂಚೆ ಎಳೆದು ನೋಡಿ.

ಕೊನೆಗೆ ಸದ್ದು ಪೂರ್ತಿ ಆಫ್ ಮಾಡಿ ಒಮ್ಮೆ ನೋಡಿ. ನಿಮ್ಮ ಗಮನ ಬೇರೆಡೆ ಹೋದ ಜಾಗವನ್ನೆಲ್ಲ ಗುರುತು ಹಾಕಿಕೊಂಡು, ಅಲ್ಲಿಗೆ ಬೇರೆ ಟೇಕ್ ಹುಡುಕಿ.